ಮುಂದಿನ ಸ್ಟೇಷನ್ನಿನವರೆಗೆ

ಎಲ್ಲರೂ ಇಳಿಯತೊಡಗಿದ ಮೇಲೆ ಸೂಗಪ್ಪನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಯಾದಗಿರಿಯಿಂದ ಇಲ್ಲಿಯವರೆಗೆ ಯಾರದೋ ಜೋಳದ ಚೀಲಕ್ಕೆ ಮೊಣಕಾಲು ಒತ್ತಿಕೊಂಡು ಬಂದಿದ್ದ. ಈಗ ಕಾಲು ಚಾಚಿದ. ಈ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತು ಅರ್ಧ ಗಂಟೆಯಾಗಿತ್ತು.

ಹೊಳೆಯಾಚೆ ಗೂಡ್ಸ್ ಗಾಡಿಯ ಎರಡು ಡಬ್ಬಿ ಹಳಿ ಬಿಟ್ಟಿವೆಯಂತೆ. ರಾಯಚೂರಿನ ಕಡೆಗೆ ಗಾಡಿಗಳೆಲ್ಲ ಬಂದ್. ಸುದ್ದಿ ಕೇಳಿದ್ದೇ ಜನ ಗಂಟುಮೂಟೆ ಎತ್ತಿಕೊಂಡು ರಸ್ತೆಯ ಕಡೆ ನುಗ್ಗಿದರು. ಎಂಥ ಜನ, ಎಂದುಕೊಂಡ ಸೂಗಪ್ಪ. ಟಿಕೀಟು ಕೊಟ್ಟ ಮೇಲೆ ತಲುಪಿಸುವುದು ರೈಲಿನವರ ಕೆಲಸ ಎಂಬ ತಿಳಿವಳಿಕೆ ಒಬ್ಬರಿಗೂ ಇಲ್ಲ.

ಅವನ ಚೀಲದಲ್ಲಿ ಇಸ್ತ್ರಿ ಮಾಡಿದ ಒಂದು ಅಂಗಿ ಇತ್ತು. ನಾಲ್ಕು ಗಂಟೆಯೊಳಗೆ ರಾಯಚೂರಿನ ರಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ತೊಟ್ಟು, ನಜೀಮಾಳ ಪಕ್ಕ ನಿಂತು ಸಹಿ ಹಾಕಬೇಕಿತ್ತು. ಮದುವೆಯ ನೋಟಿಸಿಗೆ ಮೂರು ತಿಂಗಳ ಅವಧಿ. ಅದು ಇವತ್ತಿಗೆ ಮುಗಿಯುತ್ತಿತ್ತು. ಮೊದಲ ಸಲ ಗೊತ್ತು ಮಾಡಿದ ದಿನ ಅವನಿಗೆ ಜ್ವರ ಬಂದಿತ್ತು. ಎರಡನೆಯ ಸಲ ಕಾಲುವೆ ನೋಡಲು ಸಾಹೇಬರು ಬಂದಿದ್ದರು. ಎರಡೂ ನಿಜವಾದ ಕಾರಣಗಳೇ.

ನಜೀಮಾ ರಾಯಚೂರಿನಲ್ಲಿ ಸಾಲಿ ಟೀಚರು. "ಈ ಸಲ ಬರಲಿಲ್ಲಂದ್ರ ಕಾರಣ ಬರೀಬ್ಯಾಡ್ರಿ," ಎಂದಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಸರಿಬರಲಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

ಕಿಟಕಿಯ ಸರಳು ಟಣ್ಣೆಂದಿತು. ದಾರಿಯುದ್ದಕ್ಕೂ ಅವನ ಎದುರು ಕೂತು ಬಂದಿದ್ದ ಬಳೆಗಾರ್ತಿ ಚಮನಬೀ ತಲೆಯ ಮೇಲೆ ಬುಟ್ಟಿ ಹೊತ್ತು ಹಳಿಗಳ ನಡುವೆ ನಿಂತಿದ್ದಳು.

"ಸಾಹೇಬ್ರ, ಲಾರಿ ಹೊಂಟದ, ರಾಯಚೂರಿಗೆ. ಒಬ್ಬರಿಗೆ ಜಾಗಾ ಅದ, ಬರ್ರಿ."

"ಗಾಡಿ ಬಿಡ್ತಾರ."

"ಯಾರು ಹೇಳ್ಯಾರ?"

"ಬಿಡಲೇಬೇಕು."

ಅವಳು ಅವನನ್ನು ನೋಡಿದಳು. "ಜಲ್ದಿ ಇಲ್ಲೇನು ನಿಮಗ?"

"ಅದ."

"ಮತ್ತ?"

ಸೂಗಪ್ಪ ಕೈಗಡಿಯಾರ ನೋಡಿಕೊಂಡ. ಹನ್ನೆರಡಾಗಿತ್ತು. ಲಾರಿಯಲ್ಲಿ ಹೋದರೆ ಒಂದೂವರೆಗೆ ಅಲ್ಲಿರಬಹುದು. ಸಮಯ ಬೇಕಾದಷ್ಟಿತ್ತು, ಅದೇ ತೊಂದರೆ.

"ನಾ ಹೋಗಲಿಲ್ಲಂದ್ರ ಅಲ್ಲಿ ಮದುಮಗಳು ಬರಿಗೈಲೆ ಕುಂದರ್ತಾಳ್ರಿ," ಎಂದು ಹೇಳಿ ಚಮನಬೀ ನಡೆದುಬಿಟ್ಟಳು. ಬೆನ್ನ ಹಿಂದೆ ಬಳೆಗಳ ಸದ್ದು ಸ್ವಲ್ಪ ದೂರದವರೆಗೆ ಕೇಳಿಸಿತು. ಅನಕ್ಷರಸ್ಥರಿಗೆ ಎಷ್ಟು ಅನುಕೂಲ, ಎಂದುಕೊಂಡ. ಲಾರಿ ಸಿಕ್ಕರೆ ಲಾರಿ ಹತ್ತಿಬಿಡುತ್ತಾರೆ.

ಲಾರಿ ಹೊರಟ ಸದ್ದು ಕೇಳಿದ ಮೇಲೆ ಎದ್ದ. ಕರವಸ್ತ್ರವನ್ನು ಸೀಟಿನ ಮೇಲೆ ಹಾಸಿ ಜಾಗ ಹಿಡಿದ. ಇಡೀ ಡಬ್ಬಿಯಲ್ಲಿ ಅವನ ಹೊರತು ಯಾರೂ ಇರಲಿಲ್ಲ.

ಸ್ಟೇಷನ್ ಮಾಸ್ತರ ಮಂಡಕ್ಕಿ ತಿನ್ನುತ್ತಿದ್ದ.

"ಈ ಗಾಡಿ ಲೈನ್ ಬಂದ್ ಆಗೋಕ್ಕಿಂತ ಮೊದಲೇ ಹೊಂಟದ್ದರಿ," ಎಂದ ಸೂಗಪ್ಪ. "ಹೊಂಟ ಗಾಡಿ ಹೆಂಗ ನಿಲ್ಲಿಸ್ತೀರಿ?"

"ನಡುದಾರ್ಯಾಗ ನಿಲ್ಲಸಂಗಿಲ್ರಿ. ಮುಂದಿನ ಸ್ಟೇಷನ್‌ತನಕ ತರ್ತೀವಿ. ಆಮ್ಯಾಲ ಮುಗೀತು."

"ನಾನು ಭೀಮರಾಯನಗುಡಿ ಕಾಲುವೆ ಆಫೀಸಿನಾಗ ಎಂಜಿನಿಯರ್ ಇದ್ದೀನಿ. ಗೇಟ್ ಮುಚ್ಚಿದ್ರೂ ಕಾಲುವ್ಯಾಗಿನ ನೀರು ತುದಿತನಕ ಹೋಗ್ತದ."

"ನೀರಿಗೆ ಯಾರ ಪರ್ಮಿಶನ್ ಬೇಕ್ರಿ?" ಮಾಸ್ತರ ಮಂಡಕ್ಕಿಯ ಪೊಟ್ಟಣ ಮುಂದೆ ಚಾಚಿದ. "ಕ್ರೇನ್ ತರಾಕ ಈ ಗಾಡಿ ಎಂಜಿನ್ನೂ ಬಿಚ್ಚಿ ಹಿಂದಕ್ಕ, ಯಾದಗಿರಿ ಆಚೆ ವಾಡಿಗೆ ಕರ್ಯಾಕತ್ಯಾರ. ಎರಡಕ್ಕ ಬಸ್ಸದ. ಅದಕ್ಕಾದ್ರೂ ಹೋಗ್ರಿ."

"ನೋಡ್ತೀನಿ," ಎಂದ ಸೂಗಪ್ಪ.

ನೀರು ತುದಿಗೆ ಮುಟ್ಟಿತೆಂದು ಪ್ರತಿ ವಾರ ವರದಿ ಬರೆಯುವುದು ಅವನ ಕೆಲಸ. ಮುಟ್ಟಿದ್ದನ್ನು ಅವನು ನೋಡಿರಲಿಲ್ಲ. ತುದಿಯ ಹಳ್ಳಿಗೆ ಜೀಪು ಹೋಗುವ ದಾರಿಯಿರಲಿಲ್ಲ.

ಡಬ್ಬಿಗೆ ಮರಳಿ, ಕರವಸ್ತ್ರದ ಮೇಲೆಯೇ ಕೂತ. ನಿಯಮದ ಪ್ರಕಾರ ಪ್ರಯಾಣಿಕ ಗಾಡಿಯಲ್ಲಿರಬೇಕು, ತಾನು ಇದ್ದೇನೆ. ತಪ್ಪಿದರೆ ಅದು ರೈಲಿನ ತಪ್ಪು, ಹಳಿ ಬಿಟ್ಟ ಡಬ್ಬಿಗಳ ತಪ್ಪು. ಜ್ವರಕ್ಕಿಂತ, ಸಾಹೇಬರಿಗಿಂತ ಇದು ಗಟ್ಟಿ ಕಾರಣ, ನಾಳೆಯ ಪತ್ರಿಕೆಯಲ್ಲಿ ಅಚ್ಚೇ ಆಗಿರುತ್ತದೆ. ಕಾರಣ ಬರೆಯಬೇಡಿ ಎಂದಿದ್ದಾಳೆ, ಆದರೆ ಇಂಥದನ್ನು ಬರೆಯದೆ ಇರುವುದು ಹೇಗೆ? ಮನಸ್ಸಿನಲ್ಲೇ ಮೊದಲ ವಾಕ್ಯ ಜೋಡಿಸಿದ. ಚೆನ್ನಾಗಿ ಬಂತು. ಎರಡು ಗಂಟೆಯ ಬಸ್ಸು ಬಂದು ಹಾರ್ನ್ ಹೊಡೆದು ಹೋದದ್ದು ಅವನಿಗೆ ಕೇಳಿಸಿತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಗಡಗಡ ಸದ್ದಾಯಿತು. ತಲೆಯೆತ್ತಿದ. ಕಿಟಕಿಯಾಚೆ, ಪಕ್ಕದ ಹಳಿಯ ಮೇಲೆ, ಕಬ್ಬಿಣದ ಗೋಡೆಯೊಂದು ಹಿಂದೆ ಸರಿಯತೊಡಗಿತ್ತು. ಗಾಡಿ ಹೊರಟಿತ್ತು. ರಾಯಚೂರಿನ ಕಡೆಗೇ. ಒಂದು ತಾಸಿನ ದಾರಿ, ನಾಲ್ಕರೊಳಗೆ ಮುಟ್ಟಿಬಿಡುತ್ತದೆ.

ಇಷ್ಟು ಭಯ ಸೂಗಪ್ಪನಿಗೆ ಜನ್ಮದಲ್ಲಿ ಆಗಿರಲಿಲ್ಲ. ಚೀಲ ಕಸಿದುಕೊಂಡು ಆಚೆಯ ಬಾಗಿಲಿಗೆ ಓಡಿದ. ಓಡುವ ಗಾಡಿಯಿಂದ ಇಳಿಯುವುದು ಅವನಿಗೆ ಗೊತ್ತಿತ್ತು. ಸರಳು ಹಿಡಿದು, ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ, ಹಿಂದಕ್ಕೆ ವಾಲಿ ಪ್ಲಾಟ್‌ಫಾರ್ಮಿಗೆ ಹಾರಿದ. ಬೀಳಬಾರದೆಂದು ಆರೆಂಟು ಹೆಜ್ಜೆ ಜೋರಾಗಿ ಓಡಿದ.

ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಾಸ್ತರ ಬಾಯಲ್ಲಿದ್ದ ಮಂಡಕ್ಕಿ ಅಗಿಯುವುದನ್ನು ಬಿಟ್ಟು ನೋಡಿದ.

ಸೂಗಪ್ಪ ತಿರುಗಿದ. ಡಬ್ಬಿಗಳ ಸಂದಿಯಲ್ಲಿ ನೋಡಿದರೆ, ಪಕ್ಕದ ಹಳಿಯ ಮೇಲೆ ಬಿಚ್ಚಿದ ಎಂಜಿನ್ನೊಂದೇ ಯಾದಗಿರಿಯ ಕಡೆಗೆ ಹೋಗುತ್ತಿತ್ತು. ಅವನ ಗಾಡಿ ಇದ್ದಲ್ಲೇ ಇತ್ತು. ಒಳಗೆ, ಖಾಲಿ ಸೀಟಿನ ಮೇಲೆ, ಕರವಸ್ತ್ರ ಅವನ ಜಾಗ ಹಿಡಿದುಕೊಂಡಿತ್ತು.