ಇಕ್ಕುಳದ ಹಲ್ಲು

ಪ್ರದರ್ಶನದಲ್ಲಿ ತಟ್ಟೆಯ ಮೇಲೆ ದೀಪ ಬಿಟ್ಟಿದ್ದಾರೆ, ಅಬ್ಬಾ, ಮದುವಣಗಿತ್ತಿಗೂ ಇಷ್ಟು ಬೆಳಕಿರಲ್ಲ, ಹಸಿರು ಲೇಪದೊಳಗೆ ಕೂದಲೆಳೆಯಂಥ ಬಿರುಕು ಒಂದೊಂದೂ ಕಾಣುತ್ತಿದೆ, ಹೊಗೆ ಕುಡಿದು ಕಪ್ಪಾದ ಬಿರುಕು, ನಾನು ಕೆಮ್ಮಿದ ಹೊಗೆ, ಅಂಚಿನಲ್ಲಿ ನನ್ನ ಇಕ್ಕುಳ ಕಚ್ಚಿದ ಗುರುತು — ಚುಕ್ಕೆ, ಖಾಲಿ, ಚುಕ್ಕೆ, ಚುಕ್ಕೆ — ಪಕ್ಕದ ಚೀಟಿಯಲ್ಲಿ ಮಾತ್ರ ತಮ್ಮನ ಹೆಸರು, ನನ್ನ ಒಡಹುಟ್ಟಿದ ತಮ್ಮ, ಕಲಾವಿದನಂತೆ, ಕಲಾವಿದ! ತಟ್ಟೆ ಸುಡುವ ಆವಿಗೆಯ ಬಾಗಿಲು ತೆಗೆದರೆ ಮೂರು ಬೀದಿ ಆಚೆ ಓಡುವವನು, ಹುಬ್ಬು ಸುಡುತ್ತೆ ಕಣಕ್ಕಾ ಅನ್ನುವವನು, ನನಗೆ ಹುಬ್ಬೇ ಇಲ್ಲ, ಮೂವತ್ತು ವರ್ಷದಿಂದ ಕಾಡಿಗೆಯಲ್ಲಿ ಬರೆದುಕೊಳ್ಳುತ್ತಿದ್ದೇನೆ, ಕೆಂಡದಂಥ ತಟ್ಟೆಯನ್ನು ಇಕ್ಕುಳದಲ್ಲಿ ಎತ್ತಿ, ಲೇಪ ಇನ್ನೂ ಪಾಕದ ಹಾಗೆ ನಡುಗುತ್ತಿರುವಾಗಲೇ ಮರದ ಹೊಟ್ಟಿನ ಡಬ್ಬಕ್ಕೆ ಇಳಿಸಿ ಮುಚ್ಚಳ ಬಡಿಯಲು ಏಳು ಎಣಿಸುವಷ್ಟು ಹೊತ್ತು, ನಾನು ಐದಕ್ಕೇ ಮುಗಿಸುತ್ತೇನೆ, ಸೂರ್ಯ ಕೆಳಗೆ ಬಿದ್ದರೂ ಇದೇ ಇಕ್ಕುಳದಲ್ಲಿ ಎತ್ತಿ ಹೊಟ್ಟಿನಲ್ಲಿ ಹೂತು ಸಂಜೆಗೆ ತೊಳೆದು ಕೊಡುತ್ತೇನೆ, ಬಿರುಕು ಸಮೇತ — ಈಗ ತಮ್ಮ, ನೋಡಲು ಬಂದ ಕನ್ನಡಕದ ಹೆಂಗಸಿಗೆ ವಿವರಿಸುತ್ತಿದ್ದಾನೆ, ಈ ಸೆಕೆಯಲ್ಲಿ ಕುತ್ತಿಗೆಗೆ ಶಾಲು ಬೇರೆ, ನೋಡಿ ಮೇಡಂ, ಬೆಂಕಿ ನನ್ನ ಜೊತೆ ಮಾತಾಡುತ್ತೆ ಅನ್ನುತ್ತಾನೆ, ಬೆಂಕಿ ನಿನ್ನ ಮುಖ ನೋಡಿದ್ದು ಯಾವಾಗಲೋ, ಈ ಚುಕ್ಕೆಗಳ ಮಧ್ಯೆ ಖಾಲಿ ಇದೆಯಲ್ಲ, ಅದು ನನ್ನೊಳಗಿನ ಮೌನ, ಅಯ್ಯಯ್ಯೋ ಮೌನವಂತೆ, ಹುಟ್ಟಿದ ದಿನದಿಂದ ಬಾಯಿ ಮುಚ್ಚದವನಿಗೆ, ಅದು ಮೌನವಲ್ಲವೋ ದಡ್ಡ, ಇಕ್ಕುಳದ ಮುರಿದ ಹಲ್ಲು — ಹೆಂಗಸು ನನ್ನ ಕಡೆ ತಿರುಗಿ, ಇವರು? ಇವ್ರು ನಮ್ಮಕ್ಕ, ಮಣ್ಣು ಕಲಸಿಕೊಡ್ತಾರೆ, ಅಂದ.

ಕಲಸಿಕೊಡ್ತಾರೆ! ಕಿವಿಯೊಳಗೇ ಆವಿಗೆ ಹೊತ್ತಿಕೊಂಡಿತು, ಕೈ ತಾನಾಗಿ ಚೀಲಕ್ಕೆ ಹೋಯಿತು, ಮುದಿ ಇಕ್ಕುಳಕ್ಕೆ ಹಲ್ಲು ಕಟ್ಟಿಸೋಣವೆಂದು ಬೆಸುಗೆಯವನ ಹತ್ತಿರ ಹೊರಟಿದ್ದೆ, ಅರ್ಧ ಚೀಲದ ಹೊರಗೇ ಇಣುಕುತ್ತಿತ್ತು, ಅಕ್ಕಾ ಏನಿದು, ಒಳಗಿಡು, ಜನ ನೋಡ್ತಾರೆ, ನೋಡಲಿ, ಊರಿಗೆ ಊರೇ ಬಂದು ನೋಡಲಿ, ತಟ್ಟೆಯ ಅಂಚಿಗೆ ಇಟ್ಟೆ, ಟಕ್, ಬೀಗಕ್ಕೆ ಕೀಲಿ ಕೂತ ಹಾಗೆ, ಮೂರು ಹಲ್ಲು ಮೂರು ಗುಳಿಯಲ್ಲಿ, ಎರಡನೆಯದರ ಜಾಗ ಖಾಲಿ, ತಮ್ಮನ ಶಾಲು ಜಾರಿತು, ಕನ್ನಡಕದವಳು ಬಗ್ಗಿ ನೋಡಿದಳು, ಹಾಗಾದ್ರೆ ಇದು ನಿಮ್ಮದಾ, ನನ್ನದೇ, ಇಲ್ಲಿರೋ ಹನ್ನೆರಡು ತಟ್ಟೆಯೂ ನನ್ನವೇ, ಗೋಡೆ ಒಂದು ಬಿಟ್ಟು ಎಲ್ಲ ನಾನೇ ಸುಟ್ಟಿದ್ದು, ಮತ್ತೆ ಈ ಹಲ್ಲು ಹೇಗೆ ಮುರೀತು, ಅಂದಳು — ಹೇಗೆ ಅಂದರೆ, ಹುಲಿಯ ಬಾಯಿಂದ ತಟ್ಟೆ ಕಿತ್ತುಕೊಳ್ಳುವಾಗ ಅನ್ನಲೇ, ಸುಳ್ಳು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು, ಸುತ್ತಿಗೆ ಸಿಗಲಿಲ್ಲ, ಅಷ್ಟೇ, ಅಂದೆ, ಇವನಿಗೆ ಚಿತ್ರಕಲೆಯಲ್ಲಿ ಮೊದಲ ಬಹುಮಾನ ಬಂದ ದಿನ, ಇಲ್ಲಿ ಅಕ್ಕಾ, ಇನ್ನೂ ಮೇಲೆ, ಎಲ್ರಿಗೂ ಕಾಣೋ ಹಾಗೆ ಅನ್ನುತ್ತಿದ್ದ, ಇವನ ಹೆಸರು ಬರೆದ ಚೌಕಟ್ಟಿಗೆ ಈ ಇಕ್ಕುಳದಿಂದಲೇ ಮೊಳೆ ಹೊಡೆದೆ, ಕುಣಿಯುತ್ತ ಹೊಡೆದೆ, ಟಣ್ ಅಂತ ಹಲ್ಲು ಹಾರಿಹೋಯಿತು — ಅವನಿಗೂ ನೆನಪಿದೆ, ನೆಲ ನೋಡುತ್ತಿದ್ದಾನೆ, ಅಂದೂ ಹೀಗೇ ನೆಲ ನೋಡುತ್ತ, ಮಂಡಿಯೂರಿ, ಮಂಚದ ಕೆಳಗೆಲ್ಲ ಹುಡುಕಿದ್ದ, ಸಿಗಲಿಲ್ಲ ಅಕ್ಕಾ, ಸಿಗಲಿಲ್ಲ — ಹನ್ನೆರಡು ತಟ್ಟೆಯ ಅಂಚಿನಲ್ಲೂ ಆ ದಿನದ್ದೇ ಗುರುತು, ಚುಕ್ಕೆ, ಖಾಲಿ, ಚುಕ್ಕೆ, ಚುಕ್ಕೆ, ಚುಕ್ಕೆ, ಖಾಲಿ