ಮರುಳಪ್ಪನವರ ಎಳನೀರು

ಆಸ್ಪತ್ರೆಯ ಮುಂಬಾಗಿಲಲ್ಲಿ ಎಳನೀರನ್ನು ಗುಡ್ಡೆ ಹಾಕಿದ್ದರು. ಒಂದೊಂದು ಕಾಯಿಯ ಮೇಲೂ ಆಸ್ಪತ್ರೆಯ ಮಂಡಳಿಯ ಅಧ್ಯಕ್ಷ ಮರುಳಪ್ಪನವರ ಮುಖ ಅಚ್ಚಾಗಿದ್ದ ಚೀಟಿ ಅಂಟಿಸಿದ್ದರು. ಜರಿಪೇಟ, ಮೀಸೆ, ಕೈಮುಗಿದ ನಗು. ಕಾಯಿ ಉರುಳಿದಂತೆ ಮುಖವೂ ಉರುಳಿತ್ತು; ಕೆಲವು ಆಕಾಶ ನೋಡುತ್ತಿದ್ದವು, ಕೆಲವು ನೆಲಕ್ಕೆ ಮೂತಿ ಒತ್ತಿಕೊಂಡು ಬಿದ್ದಿದ್ದವು. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ರೋಗಿಗಳಿಗೆ ಹಣ್ಣುಹಂಪಲು ಹಂಚುವುದು ನಮ್ಮೂರಿನ ಪದ್ಧತಿ. ಹಣ್ಣು ಒಂದಾದರೆ ಅದನ್ನು ಹಿಡಿಯುವ ಕೈ ಹತ್ತು. ಎಲ್ಲರೂ ಪಟ ತೆಗೆಯುವವನ ಕಡೆಗೇ ತಿರುಗಿ ಹಲ್ಲು ಬಿಡುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ್ದವರ ಮುಖ ಮಾತ್ರ ಯಾವ ಪಟದಲ್ಲೂ ಸರಿಯಾಗಿ ಬಿದ್ದದ್ದು ನನಗೆ ನೆನಪಿಲ್ಲ. ಆ ವರ್ಷ ಹಣ್ಣಿನ ಬದಲು ಎಳನೀರು ಹಂಚುವುದೆಂದು ತೀರ್ಮಾನವಾಗಿತ್ತು, ಏಕೆಂದರೆ ಅಧ್ಯಕ್ಷರ ಭಾಮೈದನಿಗೆ ತೆಂಗಿನ ತೋಟವಿತ್ತು.

ನಾನು ಆ ಆಸ್ಪತ್ರೆಯ ಆಹಾರ ತಜ್ಞೆ. ಹಾಗೆಂದು ಕಾಗದದಲ್ಲಿತ್ತು, ಜನರ ಬಾಯಲ್ಲಿ ನಾನು ಗಂಜಿ ಮೇಡಮ್ಮು. ದಿನಸಿ ಉಗ್ರಾಣದ ಪಕ್ಕದಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ಅಲ್ಲಿಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಇಲಿಗಳು ಮಾತ್ರ. ನನ್ನ ಸೋದರಮಾವನಂತೂ ಮನೆಗೆ ಬಂದವರೆದುರಿಗೆಲ್ಲ ನಗುತ್ತಿದ್ದ. "ಉಣ್ಣೋದನ್ನ ಹೇಳ್ಕೊಡೋಕೂ ಒಂದು ಡಿಗ್ರಿ ಕಣ್ರೀ! ನಾಳೆ ಆಕಳಿಸೋದಕ್ಕೂ ಕಾಲೇಜು ತೆಗೀತಾರೆ." ನಾನು ಅವನಿಗೆ ಎದುರುತ್ತರ ಕೊಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಅವನ ಮನೆಯಲ್ಲಿದ್ದಳು, ತಂಗಿ ಎಂಬ ಹೆಸರಿನಲ್ಲಿ ಸಂಬಳವಿಲ್ಲದ ಅಡುಗೆಯವಳಾಗಿ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ನನ್ನ ಕೆಲಸವನ್ನು ಅವನಿಗಿಂತ ಹೆಚ್ಚಾಗಿ ನಾನೇ ಹೀನೈಸುತ್ತಿದ್ದೆ. ಡಾಕ್ಟರಾಗಬೇಕೆಂದು ಹೊರಟವಳು, ಸೀಟು ಸಿಗದೆ ಈ ಓದಿಗೆ ಬಿದ್ದಿದ್ದೆ. ಯಾರು ಎಷ್ಟು ಇಡ್ಲಿ ತಿನ್ನಬೇಕೆಂದು ಹೇಳುವುದಕ್ಕೆ ಹುಟ್ಟಿದವಳಲ್ಲ ನಾನು ಎಂಬ ಗರ್ವ ಒಳಗೇ ಉರಿಯುತ್ತಿತ್ತು.

ಆದರೂ ಕೆಲಸ ಬಿಡುವಂತಿರಲಿಲ್ಲ. ನಾನಿನ್ನೂ ಹಂಗಾಮಿ. ಅಧ್ಯಕ್ಷರು ತಮ್ಮ ಹುಟ್ಟುಹಬ್ಬದ ದಿನ ಕಾಯಂ ಆದೇಶಕ್ಕೆ ರುಜು ಹಾಕುತ್ತಾರೆಂದು ತಿಳಿದಿತ್ತು. ಆ ರುಜು ಬಿದ್ದರೆ ಒಂದು ಪುಟ್ಟ ಮನೆ ಹಿಡಿದು ಅಮ್ಮನನ್ನು ಮಾವನ ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಬರಬಹುದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ದೊಡ್ಡ ಡಾಕ್ಟರು ವೇದಮೂರ್ತಿಯವರು ಕೋಲೆಬಸವನಂಥವರು. ಅಧ್ಯಕ್ಷರು ಏನು ಹೇಳಿದರೂ ತಲೆಯಾಡಿಸುತ್ತಿದ್ದರು. ಆ ದಿನಕ್ಕೆ ಕೆಲವು ವಾರ ಮುಂಚೆ ಅವರು ನನ್ನನ್ನು ಕರೆದು, "ಒಬ್ರು ದೊಡ್ಡವರಿಗೆ ಕಿಡ್ನಿ ಕೆಟ್ಟಿದೆ. ಹೆಸರು ಕೇಳ್ಬೇಡಿ. ಮಧ್ಯಾಹ್ನದ ಊಟ ನಿಮ್ಮ ಕೈಯಿಂದಲೇ ಹೋಗ್ಬೇಕು," ಎಂದಿದ್ದರು. ನಾನು ತರಕಾರಿ ಹೆಚ್ಚಿ ನೆನೆಹಾಕಿ, ಬೇಯಿಸಿ, ನೀರು ಬಸಿದು, ಉಪ್ಪಿಲ್ಲದೆ ಪಲ್ಯ ಮಾಡಿ ಕ್ಯಾರಿಯರಿಗೆ ತುಂಬುತ್ತಿದ್ದೆ. ದಪ್ಪ ಹುಬ್ಬಿನ ಡ್ರೈವರೊಬ್ಬ ಹಿಂಬಾಗಿಲಿಗೆ ಬಂದು ಅದನ್ನು ಒಯ್ಯುತ್ತಿದ್ದ. ಮರುದಿನ ಖಾಲಿ ಕ್ಯಾರಿಯರಿನ ಜೊತೆಗೆ ಬೈಗುಳವನ್ನೂ ತಂದು ಒಪ್ಪಿಸುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಮೇಡಮ್. ನಾಯಿಗೆ ಹಾಕಿದ್ರೆ ಅದೂ ಮೂಸಿ ಹೋಯ್ತಂತೆ."

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ನನಗೂ ಗೊತ್ತು. ಯಾವನೋ ದುಡ್ಡಿನ ಮದದವನು, ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ ಎಂದುಕೊಂಡು ಮರುದಿನವೂ ತರಕಾರಿ ಬಸಿಯುತ್ತಿದ್ದೆ.

ನನಗೆ ಚಿಂತೆಯಿದ್ದದ್ದು ಡಯಾಲಿಸಿಸ್ ವಾರ್ಡಿನದು. ಅಲ್ಲಿದ್ದವರಿಗೆಲ್ಲ ಕಿಡ್ನಿ ಕೈಕೊಟ್ಟಿತ್ತು. ಎಳನೀರಿನಲ್ಲಿ ಪೊಟ್ಯಾಶಿಯಮ್ ಎಂಬ ಲವಣ ಹೇರಳವಾಗಿರುತ್ತದೆ. ಗಟ್ಟಿ ಕಿಡ್ನಿಯವರ ಮೈ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ಇವರಿಗೆ ಅದು ರಕ್ತದಲ್ಲೇ ನಿಂತು ಗುಂಡಿಗೆಯನ್ನೇ ನಿಲ್ಲಿಸಿಬಿಡಬಹುದು. ಆ ವಾರ್ಡಿನಲ್ಲಿ ಸಣ್ಣಗಂಗಮ್ಮ ಎಂಬ ಹೆಂಗಸಿದ್ದಳು. ಸಂತೆಯಲ್ಲಿ ಸೊಪ್ಪು ಮಾರಿ ಬೆಳೆಸಿಕೊಂಡ ನಾಲಗೆ. ಹಿಂದೊಮ್ಮೆ ನೋಡಲು ಬಂದ ನೆಂಟರು ಪ್ರೀತಿಯಿಂದ ತಿನ್ನಿಸಿದ ಬಾಳೆಹಣ್ಣಿನಿಂದಲೇ ಅವಳ ನಾಡಿ ಸೋತು, ಯಮನ ಮನೆಯ ಹೊಸ್ತಿಲು ಮುಟ್ಟಿ ಬಂದಿದ್ದಳು. ಅವಳಿಗೆ ಸದಾ ಬಾಯಾರಿಕೆ. "ನೀನು ಬಂದ್ರೆ ಸಾಕು ಕಣವ್ವ, ಇರೋ ಉಗುಳೂ ಒಣಗ್ತದೆ," ಎಂದು ನನಗೆ ಬೈಯುತ್ತಿದ್ದಳು.

ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ವೇದಮೂರ್ತಿಯವರ ಬಳಿಗೆ ಹೋದೆ. "ಸಾರ್, ಡಯಾಲಿಸಿಸ್ ವಾರ್ಡಿಗೆ ಎಳನೀರು ಹೋಗ್ಬಾರ್ದು."

"ಗೊತ್ತಮ್ಮ."

"ಹಾಗಾದ್ರೆ ಅಧ್ಯಕ್ಷರಿಗೆ ಹೇಳಿ ಸಾರ್."

"ಹುಟ್ಟಿದ ದಿನ ಅಪಶಕುನ ನುಡೀತಾರೇನ್ರೀ? ಕೈಗೆ ಕೊಡ್ಲಿ, ಪಟ ತೆಗೆಸ್ಕೊಳ್ಳಿ. ಆಮೇಲೆ ನರ್ಸುಗಳು ಇಸ್ಕೊಳ್ತಾರೆ."

"ನರ್ಸುಗಳೆಲ್ಲ ಪ್ರಾರ್ಥನೆ ಹಾಡೋಕೆ ವೇದಿಕೆ ಮೇಲಿದಾರೆ. ಬಾಯಾರಿದೋರ ಕೈಗೆ ಕೊಟ್ಟು ಕಿತ್ಕೊಳ್ಳೋದು ಬೇರೆ..."

ಅವರು ಕನ್ನಡಕ ಒರೆಸಿಕೊಂಡರು. "ನಿಮ್ಮ ಆರ್ಡರಿಗೆ ಇವತ್ತು ರುಜು ಬೀಳುತ್ತೆ. ಅಷ್ಟು ನೆನಪಿಟ್ಕೊಂಡು ಮಾತಾಡಿ."

ಇಷ್ಟು ಓದಿ, ಇಷ್ಟು ತಿಳಿದು, ಇಷ್ಟು ಹೆದರುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರನ್ನು ಅಲ್ಲೇ ಬಿಟ್ಟು ಬಂದು ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ. ಧೈರ್ಯವಿತ್ತೆಂದು ಹೇಳಲಾರೆ. ಅಮ್ಮನ ಮುಖ ಕಣ್ಣ ಮುಂದೆಯೇ ಇತ್ತು.

ಮರುಳಪ್ಪನವರು ಪರಿವಾರ ಸಮೇತ ಬಂದರು. ಹಿಂಬಾಲಕರು ದಾರಿಯುದ್ದಕ್ಕೂ ಎಳನೀರು ಹೀರುತ್ತ, "ಆಹಾ, ಸಕ್ಕರೆ ಸಕ್ಕರೆ!" ಎಂದು ಹೊಗಳುತ್ತಿದ್ದರು. ಹೊಗಳಿಕೆ ಕಾಯಿಗೋ ಅದರ ಮೇಲಿನ ಮುಖಕ್ಕೋ ಹೇಳುವುದು ಕಷ್ಟವಿತ್ತು.

"ಯಾರಯ್ಯ ಈ ಹುಡುಗಿ?" ಎಂದರು ಮರುಳಪ್ಪನವರು.

"ಗಂಜಿ ಮೇಡಮ್ಮು, ಯಜಮಾನ್ರೇ," ಎಂದ ಒಬ್ಬ. ಎಲ್ಲರೂ ನಕ್ಕರು.

ನಾನು ಎಳನೀರು ಒಳಗೆ ಹೋಗಬಾರದೆಂದೂ, ಏಕೆ ಹೋಗಬಾರದೆಂದೂ ಹೇಳಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಊಟವನ್ನಷ್ಟೇ ಕಲಿತವಳು. ನನ್ನ ಮಾತು ಮುಗಿಯುವಷ್ಟರಲ್ಲಿ ಅವರ ಮೀಸೆ ಅದುರುತ್ತಿತ್ತು.

"ಎಳನೀರು ವಿಷ ಅಂತೀಯಾ? ನಮ್ಮಜ್ಜಿ ಸಾಯೋನ ಬಾಯಿಗೂ ಎಳನೀರು ಬಿಟ್ಟು ಎಬ್ಬಿಸಿ ಕೂರಿಸ್ತಿದ್ಲು. ನಿನ್ನೆ ಮೊನ್ನೆ ಪುಸ್ತಕ ಓದಿದೋಳು ನನಗೆ ಹೇಳ್ತೀಯಾ?" ಅವರು ಹಿಂದಕ್ಕೆ ಕೈ ಚಾಚಿದರು. "ಕೊಡೋ ಒಂದು ಕಾಯಿ. ನಾನೇ ಕುಡಿದು ತೋರಿಸ್ತೀನಿ. ತೆಗೀರಯ್ಯ ಪಟ!"

ಚಪ್ಪಾಳೆ ಬಿತ್ತು. ಅಳು ಬರುವಂತಾಗಿ ನಾನು ತಲೆ ತಗ್ಗಿಸಿದೆ. ಆಗ ಕಂಡದ್ದು ಅವರ ಪಾದ. ಮಿರಮಿರ ಮಿನುಗುವ ಚಪ್ಪಲಿಯ ಪಟ್ಟಿ ಬಾತ ಮಾಂಸದೊಳಗೆ ಹೂತುಹೋಗಿತ್ತು. ಕಾಲಿನ ಗಿಣ್ಣು ಎಂಬುದೇ ಇರಲಿಲ್ಲ. ವಾರ್ಡಿನಲ್ಲಿ ನಾನು ದಿನಾ ನೋಡುತ್ತಿದ್ದ ಪಾದವೇ ಅದು. ಗಾಬರಿಯಿಂದ ತಲೆ ಎತ್ತಿದೆ. ಅವರಿಗೆ ಕಾಯಿ ಕೊಡುತ್ತಿದ್ದವನು ದಪ್ಪ ಹುಬ್ಬಿನ ಆ ಡ್ರೈವರ್. ಕಾಯಿಯನ್ನು ಚಾಚಿದರೂ ಅವನು ಹಿಡಿತ ಬಿಟ್ಟಿರಲಿಲ್ಲ. ಅವನ ಹಿಂದೆ ವೇದಮೂರ್ತಿಯವರು ಸುಣ್ಣದ ಗೋಡೆಯಂತೆ ಬೆಳ್ಳಗಾಗಿ ನಿಂತಿದ್ದರು. ಹೆಸರು ಕೇಳಬೇಡಿ ಎಂದಿದ್ದ ಆ ದೊಡ್ಡವರು ಯಾರೆಂದು ನನಗೆ ಆಗ ಗೊತ್ತಾಯಿತು.

ಕುಡಿ ಮಹಾರಾಯ, ಕುಡಿ. ಮನಸ್ಸಿನಲ್ಲಿ ಮೊದಲು ಬಂದ ಮಾತು ಇದೇ. ಅದನ್ನು ಮುಚ್ಚಿಡುವುದಿಲ್ಲ. ನಾನು ನಾಲ್ಕು ಜನರೆದುರು ಕಾರಣ ಹೇಳಿ ಬೇಡವೆಂದಾಗಿತ್ತು. ಇನ್ನು ಅವರ ಹಣೆಬರಹ. ಸಾವಿಗಿಂತ ಪಟ ಮುಖ್ಯವಾದವನನ್ನು ಯಾರು ತಡೆದಾರು? ಆದರೆ ಅವರು ಕಾಯಿಯನ್ನು ತುಟಿಯ ಬಳಿಗೆ ಒಯ್ದಾಗ ನನ್ನ ಕಣ್ಣ ಮುಂದೆ ಬಂದದ್ದು ನಾನು ಬಸಿದು ಚೆಲ್ಲಿದ ತರಕಾರಿಯ ನೀರು. ವಾರಗಟ್ಟಲೆ ಒಲೆಯ ಮುಂದೆ ನಿಂತು ಯಾವ ಲವಣವನ್ನು ಬಸಿದು ಈ ಮೈಯಿಂದ ದೂರ ಇಟ್ಟಿದ್ದೆನೋ ಅದನ್ನು ಈ ಮನುಷ್ಯ ನಾಲ್ಕು ಚಪ್ಪಾಳೆಗಾಗಿ ಒಂದೇ ಗುಟುಕಿಗೆ ಒಳಗೆ ಬಿಟ್ಟುಕೊಳ್ಳುವುದರಲ್ಲಿದ್ದ. ನನಗೆ ಕರುಣೆ ಬರಲಿಲ್ಲ. ಕಡುಕೋಪ ಬಂತು. ನನ್ನ ಕೆಲಸ ಕೆಡಿಸಲು ಇವನು ಯಾರು? ಆ ಕೆಲಸವನ್ನು ನನ್ನದು ಎಂದುಕೊಂಡದ್ದು ಅದೇ ಮೊದಲು.

ಮುಂದೆ ನುಗ್ಗಿ ಕಾಯಿ ಕಿತ್ತುಕೊಂಡೆ. ಕಾಯಿಯನ್ನು ಮೂಗಿಗೆ ಹಿಡಿದು, "ಇದು ಕೆಟ್ಟಿದೆ ಯಜಮಾನ್ರೇ, ವಾಸನೆ ಬರ್ತಿದೆ," ಎಂದೆ.

ಯಾರೋ ಇನ್ನೊಂದು ಕೊಟ್ಟರು. ಅದನ್ನೂ ಮೂಸಿದೆ. "ಇದೂ ಕೆಟ್ಟಿದೆ."

ಮರುಳಪ್ಪನವರ ಕಣ್ಣು ಕೆಂಪಾದವು. ನಾನು ಅವರ ಪಾದವನ್ನು ನೋಡಿದೆ, ಆಮೇಲೆ ಡ್ರೈವರನನ್ನು, ಆಮೇಲೆ ನೇರವಾಗಿ ಅವರನ್ನೇ. ಅವರ ಮುಖದಿಂದ ಕೋಪ ನಿಧಾನವಾಗಿ ಇಳಿದುಹೋಯಿತು. ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿದರು.

"ಹೌದು ಕಣ್ರಯ್ಯ," ಎಂದರು. "ಹುಳಿ ವಾಸನೆ."

ಆಮೇಲಿನದನ್ನು ನೋಡಲು ಪುಣ್ಯ ಮಾಡಿರಬೇಕು. ಸಕ್ಕರೆ ಸಕ್ಕರೆ ಎಂದವನೇ ಮೊದಲು ಉಗುಳಿದ. ಇನ್ನೊಬ್ಬ ಗಂಟಲಿಗೆ ಬೆರಳು ಹಾಕಿಕೊಂಡು ಕಿಟಕಿಗೆ ಓಡಿದ. "ನನಗೆ ಆಗಲೇ ಅನುಮಾನ ಬಂದಿತ್ತು," ಎಂದು ಮೂರನೆಯವನು ಆಣೆ ಇಟ್ಟು ಹೇಳಿದ. ತನ್ನ ತೋಟದ ಕಾಯಿ ತಂದಿದ್ದ ಭಾಮೈದ ಕೂಡ ಒಂದನ್ನು ಮೂಸಿ, "ಯಾಕೋ ನಾರ್ತಾ ಇದೆ ಭಾವ," ಎಂದು ಒಪ್ಪಿಕೊಂಡ. ಬೆಳಗ್ಗೆ ಕೊಯ್ದ, ಅಮೃತದಂಥ ಕಾಯಿಗಳು! ಅಷ್ಟು ಮೂಗುಗಳಿದ್ದವು, ಒಂದಾದರೂ ಅದನ್ನು ಹೊತ್ತವನದಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಳನೀರನ್ನೆಲ್ಲ ಕಸದ ಗಾಡಿಗೆ ತುಂಬಿದರು. ಅಧ್ಯಕ್ಷರ ಮುಖಗಳು ಒಂದರ ಮೇಲೊಂದು ಬಿದ್ದು ನಗುತ್ತಲೇ ಗೇಟು ದಾಟಿ ಹೋದವು.

ಒಳಗಿನಿಂದ ಸಣ್ಣಗಂಗಮ್ಮ ಕೂಗಿದಳು. "ಥೂ ಸುಳ್ಳೀ! ಸಂತೇಲಿ ಕೂತೋಳ ಮೂಗಿಗೆ ಒಳ್ಳೆ ಕಾಯಿ ಗೊತ್ತಾಗಲ್ವೇನೇ?" ಅವಳ ಬಾಯಿಗೆ ಒಂದು ಚೂರು ಮಂಜುಗಡ್ಡೆ ಇಟ್ಟು ಸುಮ್ಮನಾಗಿಸಿದೆ.

ಅಲ್ಲಿಂದೀಚೆಗೆ ನಾನು ಬಹಳ ಆಸ್ಪತ್ರೆಗಳನ್ನು ಕಂಡೆ. ಈಗ ನನ್ನದೇ ಕೋಣೆಯಿದೆ, ಬಾಗಿಲ ಮೇಲೆ ನನ್ನ ಹೆಸರಿದೆ, ಹೊರಗೆ ಬೆಂಚಿನ ತುಂಬ ಕಾಯುವವರಿದ್ದಾರೆ. ಸಕ್ಕರೆ ಕಾಯಿಲೆ ಹಿಡಿದ ಸೋದರಮಾವನೂ ಆ ಬೆಂಚಿನಲ್ಲಿ ಕೂತು ಸರದಿ ಕಾದ. ಉಣ್ಣುವುದು ಹೇಗೆಂದು ಅವನಿಗೆ ಸಾವಕಾಶವಾಗಿ ಹೇಳಿಕೊಟ್ಟೆ. ಆಕಳಿಸುವುದನ್ನು ಅವನೇ ಕಲಿತಿದ್ದ. ಹೀಗೆ ಬದುಕು ಕಟ್ಟಿಕೊಂಡದ್ದೆಲ್ಲ ಶುರುವಾದದ್ದು ಆ ದಿನದ ಸಂಜೆ.

ಕೆಲಸ ಹೋಯಿತೆಂದೇ ತಿಳಿದು ನಾನು ಚೀಲ ಕಟ್ಟುತ್ತಿದ್ದೆ. ಮರುಳಪ್ಪನವರು ಒಬ್ಬರೇ ಬಂದರು. ಪೇಟವಿರಲಿಲ್ಲ. ಪೇಟವಿಲ್ಲದೆ ಅವರು ಯಾವುದೋ ಮಂಡಿಯ ಗುಮಾಸ್ತರಂತೆ ಕಂಡರು. ಸ್ಟೂಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ರುಜು ಹಾಕಿದೀನಿ. ಇನ್ನು ನೀನೂ ಬಾಯಿ ಮುಚ್ಕೊಂಡಿರ್ಬೇಕು."

ಆ ಕಾಗದದಲ್ಲಿ ಅಮ್ಮನ ಹೊಸ ಮನೆಯಿತ್ತು. ಆದರೂ ನಾನು ಅದನ್ನು ಮುಟ್ಟಲಿಲ್ಲ. "ರೋಗಿಯ ವಿಷಯ ಹೊರಗೆ ಆಡದೆ ಇರೋದು ನನ್ನ ಕೆಲಸದಲ್ಲೇ ಸೇರಿದೆ ಯಜಮಾನ್ರೇ. ಅದಕ್ಕೆ ಬೇರೆ ಲಂಚ ಬೇಡ. ಕೆಲಸಕ್ಕೆ ಅಂತ ರುಜು ಹಾಕಿದ್ರೆ ಇಟ್ಟುಹೋಗಿ, ಇಲ್ದಿದ್ರೆ ತಗೊಂಡು ಹೋಗಿ. ಇಟ್ಟರೆ, ಇನ್ನು ನನ್ನನ್ನ ಕೇಳದೆ ಆ ವಾರ್ಡಿಗೆ ಒಂದು ಬಾಳೆಹಣ್ಣೂ ಹೋಗಬಾರ್ದು."

ಅವರು ಕಾಗದವನ್ನು ನನ್ನ ಕಡೆಗೆ ತಳ್ಳಿದರು. ಆದರೆ ಏಳಲಿಲ್ಲ.

"ನಿನ್ನ ಊಟ..." ಎಂದರು.

"ನಾಯಿಗೆ ಹಾಕಿದ್ರಂತಲ್ಲ."

"ದಿನಾ ಹಾಕ್ತಿದ್ದೆ."

"ಹಾಗಾದ್ರೆ ತಾವು ಏನು ತಿಂತಿದ್ರಿ?"

ಅವರು ಬಾಗಿಲಿನ ಕಡೆಗೆ ನೋಡಿದರು. ಆ ಮನುಷ್ಯನ ಮೇಲಿದ್ದ ತಿರಸ್ಕಾರ ನನಗೆ ಆಗಲೂ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ಬೆಳಿಗ್ಗೆ ಎದ್ದಾಗಿಂದ ಹೇಳ್ತಾ ಬನ್ನಿ. ಸುಳ್ಳು ಹೇಳ್ಬೇಡಿ."

ಅವರು ಎದ್ದು ಹೋಗಿ ಬಾಗಿಲಿನ ಅಗಳಿ ಹಾಕಿ ಬಂದರು. ಮತ್ತೆ ಕೂತು, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ಶುರುಮಾಡಿದರು.