ಬಟ್ಟೆಯ ಕೆಳಗಿನ ಕೀಲಿಮಣೆ

ಸುಗುಣಕ್ಕ ಎಂದರೆ ನನಗೆ ಮೊದಲು ನೆನಪಾಗುವುದು ಒಂದು ಹಸಿರು ಚೌಕುಳಿ ಬಟ್ಟೆ. ನಮ್ಮೂರಿನ ವಾರಪತ್ರಿಕೆಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೊಡನೆ ಅವರು ಆ ಬಟ್ಟೆಯನ್ನು ಕೀಲಿಮಣೆಯ ಮೇಲೆ ಹರಡಿ, ಅದರೊಳಗೆ ಎರಡೂ ಕೈ ತೂರಿಸುತ್ತಿದ್ದರು. ಆಮೇಲೆ ಒಳಗೆ ಎರಡು ಬೆಕ್ಕಿನ ಮರಿ ಆಡುತ್ತಿರುವಂತೆ ಬಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಪರದೆಯ ಮೇಲೆ ಸುದ್ದಿ ಸರಸರನೆ ಮೂಡುತ್ತಿತ್ತು. ಹಿಂದೆ ಟೈಪಿಂಗ್ ಶಾಲೆಗಳಲ್ಲಿ ಕಲಿಯುವವರು ಕೀಲಿಗಳನ್ನು ನೋಡಬಾರದೆಂದು ಹೀಗೆ ಕೈಗೆ ಬಟ್ಟೆ ಹೊದಿಸುತ್ತಿದ್ದರಂತೆ. ಕಲಿತು ಮೂವತ್ತೈದು ವರ್ಷವಾದರೂ ಸುಗುಣಕ್ಕ ಅದನ್ನು ಬಿಟ್ಟಿರಲಿಲ್ಲ. ಪತ್ರಿಕೆಯ ಎಂಟೂ ಪುಟ ಆ ಬಟ್ಟೆಯ ಕೆಳಗಿನಿಂದಲೇ ಹುಟ್ಟಿ ಬರುತ್ತಿದ್ದವು.

ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಾಗಿ ಸೇರಿ ಆರು ತಿಂಗಳಾಗಿತ್ತು. ಎಲ್ಲವನ್ನೂ ಬಲ್ಲೆನೆಂದುಕೊಳ್ಳುವ ವಯಸ್ಸು. ನನಗಿಂತ ಮೊದಲು ಆ ಕೆಲಸ ಮಾಡುತ್ತಿದ್ದವರು ಫೆಲಿಕ್ಸ್ ಮಾಸ್ತರರು. ಟೈಪ್‌ರೈಟರ್ ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವರು, ಆಗಲೇ ತೀರಿಕೊಂಡಿದ್ದರು. ಕಂಪ್ಯೂಟರನ್ನು ನಡೆಸಲು ಅವರು ಹಾಕಿಟ್ಟಿದ್ದ ಲಿನಕ್ಸ್ ಎಂಬ ತಂತ್ರಾಂಶ ಬಹಳ ಹಳೆಯದಾಗಿತ್ತು. ಅದನ್ನು ತೆಗೆದು ಬೇರೊಂದು ಬಗೆಯ ಹೊಸ ಲಿನಕ್ಸ್ ಹಾಕೋಣವೆಂದು ಸಂಪಾದಕ ಶಿವನಂಜಪ್ಪನವರನ್ನು ನಾನೇ ಒಪ್ಪಿಸಿದೆ. ಒಂದು ಶನಿವಾರ ಸುದ್ದಿ, ಫೋಟೋ, ಜಾಹೀರಾತುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಹಳೆಯದನ್ನು ಪೂರ್ತಿ ಒರೆಸಿ ಹೊಸದನ್ನು ಕೂರಿಸಿದೆ. ಪ್ರಿಂಟರ್ ಮುನಿಸಿಕೊಂಡಿತು, ಒಲಿಸಿಕೊಂಡೆ. ಪರದೆಯ ಅಕ್ಷರಗಳು ಇರುವೆಯಷ್ಟಾದವು, ದೊಡ್ಡದು ಮಾಡಿದೆ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಂಡವು. ಹೊಸ ಫಾಂಟ್ ತಂದು ಹಾಕಿದೆ. ಭಾನುವಾರ ಸಂಜೆ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಸುಗುಣಕ್ಕ ಬಟ್ಟೆ ಹರಡಿ, ಕೆರೆಯ ಹೂಳಿನ ಬಗ್ಗೆ ಒಂದು ಸಾಲು ಹೊಡೆದರು. ಪರದೆಯ ಮೇಲೆ ಮೂಡಿದ್ದು ಯಾವ ದೇಶದ ಭಾಷೆಯೋ ತಿಳಿಯಲಿಲ್ಲ.

“ಇದೇನಪ್ಪ ಹಿಂಗೆ?”

“ಕನ್ನಡ ಕೀಲಿಮಣೆಯಲ್ಲೇ ಮೂರು ನಾಲ್ಕು ಥರ ಇದೆ ಅಕ್ಕಾ. ನೀವು ಯಾವುದರಲ್ಲಿ ಹೊಡೀತಿದ್ರಿ?”

“ಯಾವುದು ಅಂದ್ರೆ? ಟೈಪ್‌ರೈಟರಲ್ಲಿ ಕಲ್ತಿದ್ದನ್ನೇ ಇಲ್ಲೂ ಹೊಡೀತಿದ್ದೆ. ಇನ್ನೊಂದು ಇರತ್ತಾ?”

ಯಾವ ಕೀಲಿಗೆ ಯಾವ ಅಕ್ಷರವೆಂದು ಹೇಳುವ ಜೋಡಣೆಗಳು ಸಿಕ್ಕಷ್ಟನ್ನೂ ಒಂದೊಂದಾಗಿ ಹಾಕಿ ನೋಡಿದೆ. ಟೈಪ್‌ರೈಟರ್ ಜೋಡಣೆ ಎಂದು ಹೆಸರಿದ್ದುದರಲ್ಲಿ ಅರ್ಧದಷ್ಟು ಅಕ್ಷರಗಳು ಸರಿಯಾಗಿ ಬಂದವು, ಉಳಿದರ್ಧ ಬರಲಿಲ್ಲ. ನನ್ನ ಕೆಲಸದಲ್ಲಿ ತಪ್ಪಿರಲಾರದೆಂಬ ಖಾತ್ರಿ ನನಗೆ. ಆಡಬಾರದ ಮಾತು ಆಡಿಬಿಟ್ಟೆ.

“ಬೆರಳು ಜಾರ್ತಿರಬೇಕು ಅಕ್ಕಾ. ಒಂದ್ಸಲ ಬಟ್ಟೆ ತೆಗೆದು, ನೋಡ್ಕೊಂಡು ಹೊಡೀರಿ.”

ಅವರು ಬಟ್ಟೆ ಸರಿಸಿ ತಮ್ಮ ಕೈಗಳನ್ನು ನೋಡಿಕೊಂಡರು. ನೋಡಿದ್ದೇ ತಡ, ಬೆರಳುಗಳು ತಡವರಿಸಿದವು. ಅಲ್ಲಿಯವರೆಗೆ ಸರಿಯಾಗಿ ಬರುತ್ತಿದ್ದ ಅಕ್ಷರವೂ ಕೈತಪ್ಪಿತು. ಸಂಜೆಯವರೆಗೆ ಹೊಡೆದರು. ಮಂಗಳವಾರ ಬಂದು ಮತ್ತೆ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗಿಟ್ಟು, ಶಿವನಂಜಪ್ಪನವರ ಮೇಜಿನ ಮುಂದೆ ಹೋಗಿ ನಿಂತರು.

“ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್. ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು. ಮೊದಲು ಒಗ್ಗರಣೆ ಡಬ್ಬಿ ಎಲ್ಲಿದೆ ಅನ್ನೋದು ಮರೀತು. ಆಮೇಲೆ ನನ್ನ ಹೆಸರು ಮರೀತು.”

ಶಿವನಂಜಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. “ಶುಕ್ರವಾರದ ಸಂಚಿಕೆ ಒಂದು ಆಗಲಿ ಸುಗುಣಮ್ಮ,” ಎಂದಷ್ಟೇ ಹೇಳಿದರು. ಯಾರು ಮಾಡುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ.

ಸುಗುಣಕ್ಕನ ಮುಖ ನೋಡಲು ನನಗೆ ಧೈರ್ಯ ಸಾಲದೆ, ಫ್ಯಾನು ಸದ್ದು ಮಾಡುತ್ತಿದೆಯೆಂಬ ನೆಪ ಹೂಡಿ ಮೇಜಿನ ಕೆಳಗೆ ಕೂತು ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಅದರ ಒಳಮೈಗೆ ಒಂದು ಚೀಟಿ ಅಂಟಿಸಿತ್ತು. ಫೆಲಿಕ್ಸ್ ಮಾಸ್ತರರ ದುಂಡನೆಯ ಕೈಬರಹ: ‘ಸುಗುಣಾ ಅವರು ಕಲಿತ ಟೈಪ್‌ರೈಟರ್ ಬೇರೆ ಥರದ್ದು. ಅವರ ಕೈಗೆ ಹೊಂದುವ ಕೀಲಿಮಣೆ ಜೋಡಣೆ ನಾನೇ ಮಾಡಿ ಹಾಕಿದ್ದೇನೆ. ಲಿನಕ್ಸ್ ಬದಲಿಸುವವರು ಮೊದಲು ಆ ಜೋಡಣೆಯ ಕಡತ ನಕಲು ಮಾಡಿಕೊಳ್ಳಿ.’

ನಾನು ಮಾಡಿಕೊಂಡಿರಲಿಲ್ಲ. ಕಣ್ಣಿಗೆ ಕಂಡ ಫೋಲ್ಡರುಗಳನ್ನಷ್ಟೇ ಎತ್ತಿಟ್ಟು, ಉಳಿದದ್ದನ್ನೆಲ್ಲ ನನ್ನ ಕೈಯಾರೆ ಒರೆಸಿದ್ದೆ. ಚೀಟಿಯನ್ನು ಕಿತ್ತು ಜೇಬಿಗಿಟ್ಟುಕೊಂಡೆ. ನಾನು ಬಾಯಿಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಒಂದು ಗಳಿಗೆ ಹಾಗೆ ಯೋಚಿಸಿದ್ದೂ ಉಂಟು. ಅದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಎದ್ದುಹೋಗಿ ಚೀಟಿಯನ್ನು ಸುಗುಣಕ್ಕನ ಕೈಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ.

ಅವರು ಅದನ್ನು ಎರಡು ಸಲ ಓದಿದರು. “ಅಂದ್ರೆ ನನಗೇನೂ ಆಗಿಲ್ವಾ?”

“ಏನೂ ಆಗಿಲ್ಲ ಅಕ್ಕಾ. ತಪ್ಪೆಲ್ಲ ನಂದೇ.”

ಅವರ ಕಣ್ಣು ತುಂಬಿ ಬಂತು. ಹಿಂದೆಯೇ ಸಿಟ್ಟೂ ಬಂತು. “ಎರಡು ದಿನದಿಂದ ನನ್ನ ಜೀವ ತಿಂದ್ಯಲ್ಲೋ ಪಾಪಿ! ಬೆಳಗ್ಗೆ ಎದ್ದು ಮೊಮ್ಮಕ್ಕಳ ಹೆಸರು ಒಂದೊಂದೇ ಹೇಳಿ ನೋಡ್ಕೋತಿದ್ದೆ ಕಣೋ!” ನಾನು ತಲೆ ತಗ್ಗಿಸಿ ನಿಂತೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಚೀಟಿಯನ್ನು ಮತ್ತೊಮ್ಮೆ ನೋಡಿದರು. “ಮಾಸ್ತರು ಒಂದು ಮಾತು ಹೇಳಲಿಲ್ಲ ನೋಡು. ಈ ಕಂಪ್ಯೂಟರ್ ಬಂದಾಗ ಒಂದು ವಾರ ನನ್ನ ಪಕ್ಕದಲ್ಲೇ ಕೂತಿದ್ರು. ಮೆಷಿನ್ ಪಳಗಿಸ್ತಿದೀನಿ ಅಂತಿದ್ರು. ನಾನು ಎಲ್ಲಾ ಕಂಪ್ಯೂಟರೂ ಹಿಂಗೇ ಇರತ್ತೆ ಅಂದ್ಕೊಂಡಿದ್ದೆ.”

ಕಡತ ಹೋಗಿತ್ತು, ಮಾಡಿದವರೂ ಹೋಗಿದ್ದರು. ಆ ಜೋಡಣೆ ಇನ್ನು ಉಳಿದಿದ್ದುದು ಸುಗುಣಕ್ಕನ ಬೆರಳುಗಳಲ್ಲಿ ಮಾತ್ರ. ಬುಧವಾರ ಬೆಳಗ್ಗೆ ನಾನು ಹಾಳೆ, ಪೆನ್ನು ಹಿಡಿದು ಅವರ ಪಕ್ಕ ಕೂತೆ.

“ಠ ಎಲ್ಲಿದೆ ಅಕ್ಕಾ?”

“ಗೊತ್ತಿಲ್ಲಪ್ಪ.”

“ಘ?”

“ಹಂಗೆ ಕೇಳಿದ್ರೆ ನಾನೆಲ್ಲಿಂದ ಹೇಳಲಿ? ಪದ ಹೇಳು, ಕೈ ಹೇಳತ್ತೆ.”

ಹಸಿರು ಬಟ್ಟೆ ಕೈಚೀಲದಿಂದ ಹೊರಬಂತು. ನಾನು ಹಳೆಯ ಸಂಚಿಕೆಗಳನ್ನು ಓದುತ್ತ ಹೋದೆ: ಕಬಡ್ಡಿ ಪಂದ್ಯ, ಬಾವಿಗೆ ಬಿದ್ದ ಎಮ್ಮೆ, ಹಾಲಿನ ಸಂಘದ ಜಗಳ. ಯಾವ ಕೀಲಿ ಒತ್ತಿದರೂ ಅದರ ಸಂಖ್ಯೆ ತೋರಿಸುವ ಪುಟ್ಟ ಸಲಕರಣೆಯೊಂದು ಲಿನಕ್ಸಿನಲ್ಲಿದೆ. ಬಟ್ಟೆಯೊಳಗೆ ನಡೆಯುತ್ತಿದ್ದುದನ್ನು ಅದು ಒಂದೊಂದಾಗಿ ಹೇಳುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಶಿವನಂಜಪ್ಪನವರು ತಮ್ಮ ಸಂಪಾದಕೀಯವನ್ನು ಪಕ್ಕಕ್ಕಿಟ್ಟು ಬಂದು, “ಠ ಬೇಕಾ? ಹಠ, ಪಾಠ, ಕಠೋರ!” ಎಂದು ಹರಾಜು ಕೂಗುವವರಂತೆ ಪದ ಒದಗಿಸತೊಡಗಿದರು. ಮಧ್ಯಾಹ್ನದೊಳಗೆ ಒಂದನ್ನು ಬಿಟ್ಟು ಎಲ್ಲ ಅಕ್ಷರಗಳೂ ಸಿಕ್ಕವು. ಫ ಉಳಿದಿತ್ತು. ಯಾವ ಪದ ಕೊಡಲೆಂದು ನಾನು ಯೋಚಿಸುತ್ತಿರುವಾಗ ಸುಗುಣಕ್ಕ, “ತಡಿ,” ಎಂದು ತಾವೇ ಏನನ್ನೋ ಹೊಡೆದರು.

“ಏನು ಹೊಡೆದ್ರಿ ಅಕ್ಕಾ?”

“ಫೆಲಿಕ್ಸ್,” ಎಂದರು.

ಎಲ್ಲವನ್ನೂ ಸೇರಿಸಿ ಹೊಸ ಕಡತ ಬರೆದೆ. ಯಂತ್ರ ಅದನ್ನು ಮೂಸಿಯೂ ನೋಡಲಿಲ್ಲ. ಒಂದು ಸಾಲಿನ ಕೊನೆಯಲ್ಲಿ ಒಂದು ಚಿಹ್ನೆ ಬಿಟ್ಟುಹೋಗಿತ್ತು. ಹುಡುಕಿ ಸೇರಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮತ್ತೆ ಹಾಕಿ, “ಈಗ ಹೊಡೀರಿ ಅಕ್ಕಾ,” ಎಂದೆ. ಅವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಬಟ್ಟೆ ಅಲುಗಿತು. ಕೆರೆ ಬಂತು. ಹೂಳು ಬಂತು. ಹೂಳೆತ್ತಿಸದ ಅಧಿಕಾರಿಗಳೂ ಬಂದರು. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಶಿವನಂಜಪ್ಪನವರು, “ಬಂತು ಕಣ್ರೀ, ಬಂತು!” ಎಂದು ಕೂಗಿದ್ದು ಕೇಳಿ ಎದುರಿನ ಅಂಗಡಿಯವರು ಬಾಗಿಲಿಗೆ ಬಂದು ಇಣುಕಿದರು. ಸುಗುಣಕ್ಕ ಯಾರ ಕಡೆಗೂ ತಿರುಗಲಿಲ್ಲ. ಎರಡು ದಿನದ ಕೆಲಸ ಬಾಕಿಯಿತ್ತು. ಅದನ್ನು ಅವರು ಬೇಟೆ ಸಿಕ್ಕವರಂತೆ ಮುಗಿಸುತ್ತ ಹೋದರು. ಅಂಥ ವೇಗವನ್ನು ನಾನು ಆಮೇಲೆಂದೂ ಕಂಡಿಲ್ಲ.

ಶುಕ್ರವಾರ ಪತ್ರಿಕೆ ಹೊತ್ತಿಗೆ ಸರಿಯಾಗಿ ಬಂತು. ಕೊನೆಯ ಪುಟದ ಮೂಲೆಯಲ್ಲಿ, ಸಂಪಾದಕರಿಗೂ ತಿಳಿಯದಂತೆ ಸೇರಿದ್ದ ಪುಟ್ಟ ಪ್ರಕಟಣೆಯೊಂದಿತ್ತು: ‘ಈ ಸಂಚಿಕೆಯಲ್ಲಿ ಏನಾದರೂ ತಪ್ಪು ಕಂಡುಬಂದರೆ ಅದು ಕಂಪ್ಯೂಟರ್ ನೋಡಿಕೊಳ್ಳುವವನದು. ಬೆರಳಚ್ಚುಗಾರ್ತಿಯ ಬೆರಳುಗಳು ನೆಟ್ಟಗಿವೆ.’ ಊರೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ.

ಅಂದು ಮಧ್ಯಾಹ್ನ ಚೀಟಿಯನ್ನು ಮುಂಚಿನ ಜಾಗದಲ್ಲೇ ಅಂಟಿಸಿ, ಮಾಸ್ತರರ ಸಾಲುಗಳ ಕೆಳಗೆ ‘ಮೂರು ಕಡೆ ನಕಲು ಇಟ್ಟಿದೆ’ ಎಂದು ಬರೆದೆ. ಮೇಜಿನ ಕೆಳಗೆ ಕೂತು ಮುಚ್ಚಳದ ತಿರುಪು ಬಿಗಿಯುತ್ತಿರುವಾಗ ಮೇಲೆ ಸುಗುಣಕ್ಕ ಮುಂದಿನ ವಾರದ ಸುದ್ದಿ ಶುರುಮಾಡಿದ್ದರು. ಮೇಜಿನ ಅಂಚಿನಿಂದ ಇಳಿಬಿದ್ದಿದ್ದ ಹಸಿರು ಬಟ್ಟೆಯ ತುದಿ ನನ್ನ ಕಣ್ಣ ಮುಂದೆ ಒಂದೇ ಸಮನೆ ಕುಣಿಯುತ್ತಿತ್ತು.